ಕುಡಿತ ಬಿಟ್ಟ ಮರುದಿನ: ಸಾಗರ, ಹೊಸನಗರ, ತೀರ್ಥಹಳ್ಳಿಯ ಒಂದು ಚರಿತ್ರೆ

ಮಲೆನಾಡಿನಲ್ಲಿ ಕುಡಿತ ಬಿಡುವುದಕ್ಕೆ ಎರಡು ಕಾಲಗಳಿವೆ. ನವೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಹಾಕಿದವರ ಕಾಲ ಒಂದು, ರಮಝಾನ್ ತಿಂಗಳು ಇನ್ನೊಂದು. ವರ್ಷವಿಡೀ ಸಂಜೆಯಾದರೆ ಬಾಟಲಿ ಹುಡುಕುವವನು ಮಾಲೆ ಹಾಕಿದ ದಿನದಿಂದ 41 ದಿನ ಅದನ್ನು ಮುಟ್ಟುವುದಿಲ್ಲ. ಸಾಗರ ಪೇಟೆಯಲ್ಲೋ ರಿಪ್ಪನ್‌ಪೇಟೆಯಲ್ಲೋ ಗುಟ್ಟಾಗಿ ಕುಡಿಯುವ ಮುಸ್ಲಿಮ್ ಯುವಕನೂ ಚಂದ್ರದರ್ಶನದ ರಾತ್ರಿಯಿಂದ ಬಾರ್‌ನ ಕಡೆ ಹೋಗುವುದಿಲ್ಲ. ಇವರನ್ನು ನೋಡಿದ ಊರಿನವರು, ಮನಸ್ಸು ಮಾಡಿದರೆ ಬಿಡಬಹುದು, ಇವನು ಮನಸ್ಸು ಮಾಡುವುದಿಲ್ಲ ಅಷ್ಟೇ ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ತೀರ್ಪು ಕೊಡುವ ಮೊದಲು ಆ ದಿನಗಳಲ್ಲಿ ಅವನ ಸುತ್ತ ಏನೇನು ನಡೆಯುತ್ತದೆ ಎಂದು ನೋಡಬೇಕು. ಮಾಲೆ ಹಾಕಿದವನನ್ನು ಊರೇ 'ಸ್ವಾಮಿ' ಎಂದು ಕರೆಯುತ್ತದೆ. ನಿನ್ನೆಯವರೆಗೆ ಏಕವಚನದಲ್ಲಿ ಬೈಯುತ್ತಿದ್ದ ಅಂಗಡಿಯವನೂ ಬಹುವಚನಕ್ಕೆ ಬರುತ್ತಾನೆ. ಮುಂಜಾನೆ ತಣ್ಣೀರು ಸ್ನಾನ, ಸಂಜೆ ಭಜನೆ, ಜೊತೆಗೆ ಹತ್ತು ಮಂದಿ. ರಮಝಾನಿನಲ್ಲೂ ಹಾಗೆಯೇ. ಸಹರಿಗೆ ಎಬ್ಬಿಸುವ ತಾಯಿ, ಇಫ್ತಾರಿಗೆ ಕಾಯುವ ಮನೆ, ತರಾವೀಹ್ ನಮಾಝಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಸಾಲು. ಕುಡುಕನಿಗೆ ಅತ್ಯಂತ ಕಷ್ಟವಾದ ಸಂಜೆಯ ಮೂರು ಗಂಟೆಗಳನ್ನು ಬೇರೆಯವರು ತುಂಬಿಕೊಡುತ್ತಾರೆ. ಮಾಲೆ ತೆಗೆದ ದಿನ ಆ ಹತ್ತು ಮಂದಿಯೂ ಚದುರುತ್ತಾರೆ. ಈದ್‌ನ ಮರುದಿನ ಮಸೀದಿಯ ಸಾಲು ಕರಗುತ್ತದೆ. ಸಂಜೆ ಮತ್ತೆ ಅವನ ಪಾಲಿಗೇ ಬರುತ್ತದೆ.

ಕುಡಿತ ಬಿಡಿಸುವುದು ಒಂದು ಕೆಲಸ, ಬಿಟ್ಟವನನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಶಿವಮೊಗ್ಗ ಜಿಲ್ಲೆಯ ಈ ಮೂರು ತಾಲೂಕುಗಳ ಇನ್ನೂರು ಮುನ್ನೂರು ವರ್ಷಗಳನ್ನು ಕೆದಕಿದರೆ ಮೊದಲನೆಯ ಕೆಲಸಕ್ಕೆ ಕೈ ಹಾಕಿದ ದೊರೆಗಳು, ಸರಕಾರಗಳು, ಗುರುಗಳು ಅನೇಕರು ಸಿಗುತ್ತಾರೆ. ಎರಡನೆಯದರ ಚರಿತ್ರೆ ತೀರಾ ಚಿಕ್ಕದು. ಅದಕ್ಕೆ ಮೂರು ನಾಲ್ಕು ದಶಕಗಳಷ್ಟೇ ಪ್ರಾಯ.

ಬಗನಿ ಮರದಿಂದ ಪೊಟ್ಟಣದ ಸಾರಾಯಿಯವರೆಗೆ

ಈ ಸೀಮೆಯ ಹಳೆಯ ಪಾನೀಯ ಬಗನಿ ಮರದ ಕಳ್ಳು. ಅದನ್ನು ಇಳಿಸುವ ಕಸುಬು ಹಳೆಪೈಕರದೆಂದು, ಅಂದರೆ ಇಂದಿನ ದೀವರ ಸಮುದಾಯದ್ದೆಂದು, ಬ್ರಿಟಿಷರ ಕಾಲದ ದಾಖಲೆಗಳು ಹೇಳುತ್ತವೆ. 1800-1801ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಡಾ. ಫ್ರಾನ್ಸಿಸ್ ಬುಕಾನನ್ ಕೂಡ ಹಳೆಪೈಕರನ್ನು ಹೆಸರಿಸಿದ್ದಾನೆ. ಆದರೆ 'ಪೈಕ' ಎಂಬ ಮಾತಿಗೆ ಕಾಲಾಳು ಎಂಬ ಅರ್ಥವೂ ಇದೆ. ಕೆಳದಿ ಅರಸರ ಸೈನ್ಯದಲ್ಲಿ ದುಡಿದವರು ತಾವೆಂಬ ನೆನಪು ಆ ಸಮುದಾಯದಲ್ಲಿ ಗಟ್ಟಿಯಾಗಿದೆ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಗೇಣಿ ರೈತರಾಗಿದ್ದರು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಒಡೆಯರ ಕೊಳಗಕ್ಕೆ ಎದುರು ನಿಂತವರು ಇವರೇ. ಒಂದು ಸಮುದಾಯವನ್ನು ಕಳ್ಳಿನ ಗಡಿಗೆಗೆ ಕಟ್ಟಿಹಾಕಿ ಮಾತನಾಡುವ ಚಾಳಿ ನಮ್ಮಲ್ಲಿದೆ. ಕಳ್ಳು ಇಳಿಸುವವನೊಬ್ಬ, ಕುಡಿಯುವವರು ಎಲ್ಲ ಜಾತಿಯವರು ಎಂಬುದನ್ನು ತೀರ್ಥಹಳ್ಳಿಯ ಕುಪ್ಪಳಿಯಿಂದ ಬಂದ ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ವಿವರಿಸಬೇಕಿಲ್ಲ. 1936ರ 'ಕಾನೂರು ಹೆಗ್ಗಡಿತಿ'ಯಲ್ಲೂ 1967ರ 'ಮಲೆಗಳಲ್ಲಿ ಮದುಮಗಳು'ವಿನಲ್ಲೂ ಕಳ್ಳು ಮಲೆನಾಡಿನ ಮಳೆಯಷ್ಟೇ ಸಹಜವಾಗಿ ಹರಿಯುತ್ತದೆ.

ಹೊಸನಗರ ತಾಲೂಕಿನ ನಗರ ಒಂದು ಕಾಲಕ್ಕೆ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಲಿ ಅದನ್ನು ಗೆದ್ದು ಹೈದರ್‌ನಗರವೆಂದು ಕರೆದ. ಮಗ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ರಾಜ್ಯದಲ್ಲಿ ಮದ್ಯ ತಯಾರಿಕೆ ಮತ್ತು ಮಾರಾಟಕ್ಕೆ ನಿಷೇಧ ಬಂತು. ನಮ್ಮ ನಾಡಿನಲ್ಲಿ ಪಾನನಿಷೇಧವನ್ನು ಆಡಳಿತದ ನೀತಿಯಾಗಿ ಕೈಗೆತ್ತಿಕೊಂಡ ಮೊದಲಿಗರಲ್ಲಿ ಅವನೊಬ್ಬ. ಬೊಕ್ಕಸಕ್ಕೆ ಬರುವ ಹಣ ಕೈತಪ್ಪುತ್ತದೆಂದು ತಿಳಿದೂ ಮಾಡಿದ ಕೆಲಸ ಅದು. ನಮ್ಮ ಲೇಖಕರು ಇದನ್ನು ಅಭಿಮಾನದಿಂದ ಬರೆಯುವುದುಂಟು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆಜ್ಞೆ ಆಜ್ಞೆಯಾಗಿಯೇ ಉಳಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೆಂಡದ ಗುತ್ತಿಗೆ ಮರಳಿ ಬಂತು, ಜನರೂ ಕುಡಿತಕ್ಕೆ ಮರಳಿದರು.

ಆ ಗುತ್ತಿಗೆಯ ಕಥೆ ದೀರ್ಘವಾದದ್ದು, ಬೇಸರದ್ದೂ ಹೌದು. ಸರಕಾರ ಹರಾಜು ಹಾಕುತ್ತದೆ, ಗುತ್ತಿಗೆದಾರ ಹಿಡಿಯುತ್ತಾನೆ, ಅವನು ಕೊಟ್ಟ ಹಣವನ್ನು ಕೂಲಿಯವನ ಗಂಟಲಿನಿಂದ ವಸೂಲು ಮಾಡುತ್ತಾನೆ. ಮೈಸೂರು ಸಂಸ್ಥಾನದಲ್ಲೂ ಬ್ರಿಟಿಷ್ ಪ್ರಾಂತ್ಯಗಳಲ್ಲೂ ಅಬಕಾರಿಯು ಭೂಕಂದಾಯದ ಬೆನ್ನಿಗೇ ನಿಲ್ಲುವ ಆದಾಯವಾಯಿತು. ಈ ನಡುವೆ ಬೇರೆ ದಿಕ್ಕಿನಿಂದ ಒಂದು ಧ್ವನಿ ಎದ್ದಿತು. ಕೇರಳದ ನಾರಾಯಣ ಗುರುಗಳು 1921ರಲ್ಲಿ ಕಳ್ಳು ಇಳಿಸುವ ಕಸುಬಿನ ತಮ್ಮ ಸಮುದಾಯಕ್ಕೇ, ಮದ್ಯ ವಿಷ, ಅದನ್ನು ತಯಾರಿಸಬೇಡಿ, ಕೊಡಬೇಡಿ, ಕುಡಿಯಬೇಡಿ ಎಂಬ ಸಂದೇಶ ಕೊಟ್ಟರು. ಹೊರಗಿನ ದೊರೆ ಬಂದು ಮರ ಕಡಿಸುವುದಕ್ಕೂ ಒಳಗಿನವನೊಬ್ಬ ಕತ್ತಿ ಕೆಳಗಿಡಿ ಎಂದು ಕೇಳುವುದಕ್ಕೂ ಅಂತರವಿದೆ. ಕರಾವಳಿಯ ಬಿಲ್ಲವರಲ್ಲೂ ಮಲೆನಾಡಿನ ದೀವರಲ್ಲೂ ಇಂದು ಗುರುಗಳ ಭಾವಚಿತ್ರ ಕಾಣುತ್ತದೆ.

ಸ್ವಾತಂತ್ರ್ಯಾನಂತರ ಸಂವಿಧಾನದ 47ನೆಯ ವಿಧಿ ಪಾನನಿಷೇಧವನ್ನು ರಾಜ್ಯದ ಗುರಿಯೆಂದು ಬರೆಯಿತು. ಮೈಸೂರು ರಾಜ್ಯ ಹಂತ ಹಂತವಾಗಿ ಜಾರಿಗೆ ತಂದ ನಿಷೇಧ 1960ರ ದಶಕದ ಕೊನೆಗೆ ಸಡಿಲವಾಯಿತು. ಆಮೇಲೆ ಬಂದದ್ದು ಸಾರಾಯಿ ಯುಗ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಾರಾಯಿ ಬರತೊಡಗಿದಾಗ ಅಡಿಕೆ ತೋಟದ ಕೊನೆಗಾರನ ಕಿಸೆಯಲ್ಲೂ ಅದು ಹಿಡಿಸಿತು. ಗಡಂಗಿಗೆ ಹೋಗಿ ಕೂತು ಕುಡಿಯುವಾಗ ನಾಲ್ಕು ಜನ ನೋಡುತ್ತಾರೆಂಬ ಅಳುಕಾದರೂ ಇತ್ತು, ಪೊಟ್ಟಣ ಅದನ್ನೂ ಕಳೆಯಿತು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಎಚ್.ಡಿ. ಕುಮಾರಸ್ವಾಮಿಯವರ ಸರಕಾರದಲ್ಲಿ ಹಣಕಾಸು ಖಾತೆ ಹೊಂದಿದ್ದ, ಪಕ್ಕದ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರು ಅದನ್ನು ಬಜೆಟ್‌ನಲ್ಲಿ ಘೋಷಿಸಿದ್ದರು. ಮಹಿಳೆಯರು ಸಂತೋಷಪಟ್ಟರು. ಸಾರಾಯಿ ಹೋಯಿತು, ಕಡಿಮೆ ಬೆಲೆಯ ವಿಸ್ಕಿ, ಬ್ರಾಂದಿ, ರಮ್‌ಗಳು ಆ ಜಾಗಕ್ಕೆ ಬಂದವು. ಹಳ್ಳಿಯ ಗೂಡಂಗಡಿಯಲ್ಲಿ ಕದ್ದು ಮಾರುವ ದಂಧೆಯೂ ಬೆಳೆಯಿತು. ನಿಷೇಧವಾಗಿ ವರ್ಷ ತುಂಬುವ ಮೊದಲೇ, 2008ರ ಮೇಯಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಜನವರಿಯಲ್ಲಿ ಸಂಪೂರ್ಣ ಮದ್ಯನಿಷೇಧ ಕೇಳಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಈಗ ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ದಾಟಿದೆ.

ನಿಷೇಧ ಬೇಡವೆಂಬುದು ನನ್ನ ವಾದವಲ್ಲ. ಅಂಗಡಿ ಹತ್ತಿರವಿದ್ದಷ್ಟೂ ಕುಡಿತ ಹೆಚ್ಚುತ್ತದೆ ಎಂಬುದಕ್ಕೆ ಲೋಕವೇ ಸಾಕ್ಷಿ. ಆದರೆ ಟಿಪ್ಪುವಿನ ಆಜ್ಞೆಯಿಂದ 2007ರ ಆದೇಶದವರೆಗೆ ಎಲ್ಲವನ್ನೂ ಸಾಲಾಗಿಟ್ಟು ನೋಡಿದರೆ ಅವುಗಳಲ್ಲಿ ಮರವಿದೆ, ಅಂಗಡಿಯಿದೆ, ಗುತ್ತಿಗೆದಾರನಿದ್ದಾನೆ, ತೆರಿಗೆಯಿದೆ. ಬೆಳಿಗ್ಗೆ ಎದ್ದಾಗ ಕೈ ನಡುಗುವ ಮನುಷ್ಯ ಮಾತ್ರ ಇಲ್ಲ.

ಕಾಯಿಲೆಯೆಂದು ಒಪ್ಪಲು ಹಿಡಿದ ಕಾಲ

ಆ ಮನುಷ್ಯನನ್ನು ವೈದ್ಯಶಾಸ್ತ್ರ ಕಂಡದ್ದೂ ನಿಧಾನವಾಗಿ. ಬ್ರಿಟಿಷ್ ನೌಕಾಪಡೆಯ ವೈದ್ಯ ಥಾಮಸ್ ಟ್ರಾಟರ್ 1804ರಲ್ಲಿ ಕುಡಿತದ ಚಟ ಮನಸ್ಸಿನ ಕಾಯಿಲೆಯೆಂದು ಬರೆದ. 1813ರಲ್ಲಿ ಥಾಮಸ್ ಸಟನ್, ಕುಡಿತದ ಚಟದವರಲ್ಲಿ ಕಾಣುವ ಭ್ರಮೆ ಮತ್ತು ನಡುಕದ ಸ್ಥಿತಿಗೆ ಡೆಲಿರಿಯಮ್ ಟ್ರೆಮೆನ್ಸ್ ಎಂಬ ಹೆಸರಿಟ್ಟ. ಇದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ಇದರ ಅರಿವಿಲ್ಲದೆ ಜೀವಗಳು ಹೋಗುತ್ತಿವೆ.

ವರ್ಷಗಟ್ಟಲೆ ದಿನವೂ ಕುಡಿದವನ ಮೆದುಳು ಮದ್ಯದ ಮಂಪರಿಗೆ ಒಗ್ಗಿಕೊಂಡು, ಅದನ್ನು ಎದುರಿಸಲು ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ಒಮ್ಮೆಲೇ ಮದ್ಯ ನಿಂತರೆ ಆ ವೇಗಕ್ಕೆ ಕಡಿವಾಣವಿಲ್ಲ. ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಗೋಡೆಯ ಮೇಲೆ ಹುಳ ಹರಿಯುತ್ತದೆ, ಮನೆಯವರೇ ಕೊಲ್ಲಲು ಬಂದಂತೆ ತೋರುತ್ತದೆ. ಹಳ್ಳಿಯಲ್ಲಿ ಇದಕ್ಕೆ ಗಾಳಿ ಸೋಂಕು ಎನ್ನುತ್ತಾರೆ, ನಮ್ಮವರು ಜಿನ್ನ್ ಹಿಡಿದಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾವು ಬರಬಹುದು. ಮಾಲೆ ಹಾಕಿದ ಮೂರನೆಯ ದಿನವೋ ಮೊದಲ ಉಪವಾಸದ ಮರುದಿನವೋ ಒಬ್ಬ ಹೀಗೆ ಬಿದ್ದರೆ ಅದು ವ್ರತಭಂಗವೂ ಅಲ್ಲ, ಈಮಾನಿನ ಕೊರತೆಯೂ ಅಲ್ಲ. ಅವನನ್ನು ಆಸ್ಪತ್ರೆಗೆ ಒಯ್ಯಬೇಕು. ಪ್ರತಿದಿನ ವಿಪರೀತ ಕುಡಿಯುವವನು ಬಿಡುವ ನಿರ್ಧಾರ ಮಾಡಿದರೆ ಮೊದಲು ವೈದ್ಯರನ್ನು ಕಾಣಬೇಕು. 1960ರಲ್ಲಿ ಬಳಕೆಗೆ ಬಂದ ಕ್ಲೋರ್‌ಡಯಾಜಿಪಾಕ್ಸೈಡ್ ಮತ್ತು ಅದೇ ಗುಂಪಿನ ಮಾತ್ರೆಗಳನ್ನು ಕೆಲವು ದಿನ ಕೊಟ್ಟು, ನಿಧಾನಕ್ಕೆ ಇಳಿಸುತ್ತ, ಜೊತೆಗೆ ಬಿ1 ಜೀವಸತ್ವ ಕೊಟ್ಟರೆ ಈ ವಾರ ಸುರಕ್ಷಿತವಾಗಿ ದಾಟುತ್ತದೆ. ಇಂದಿಗೂ ಇದೇ ಮುಖ್ಯ ವಿಧಾನ.

ಇನ್ನೊಂದು ಮಾತ್ರೆಯ ಕಥೆ ವಿಚಿತ್ರವಾದದ್ದು. 1940ರ ದಶಕದಲ್ಲಿ ಕೋಪನ್‌ಹೇಗನ್ನಿನ ಇಬ್ಬರು ಸಂಶೋಧಕರು, ಎರಿಕ್ ಜೇಕಬ್‌ಸನ್ ಮತ್ತು ಜೆನ್ಸ್ ಹಾಲ್ಡ್, ಹೊಟ್ಟೆಹುಳಕ್ಕೆ ಮದ್ದು ಹುಡುಕುತ್ತ ಡೈಸಲ್ಫಿರಾಮ್ ಎಂಬುದನ್ನು ತಾವೇ ನುಂಗಿದರು. ಆಮೇಲೆ ಮದ್ಯ ಸೇವಿಸಿದಾಗ ಮುಖ ಕೆಂಪೇರಿ, ಎದೆ ಬಡಿದು, ಹೊಟ್ಟೆ ತೊಳಸಿತು. 1948ರಲ್ಲಿ ಅದು ಕುಡಿತ ಬಿಡಿಸುವ ಔಷಧವಾಗಿ ಪ್ರಕಟವಾಯಿತು, ಆ್ಯಂಟಬ್ಯೂಸ್ ಎಂಬ ಹೆಸರಿನಲ್ಲಿ ಲೋಕವೆಲ್ಲ ಹಬ್ಬಿತು. ರೋಗಿಗೆ ತಿಳಿದು, ಒಪ್ಪಿ, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಂಡರೆ ಅದು ಉಪಕಾರಿ. ನಮ್ಮ ಬಸ್ ನಿಲ್ದಾಣಗಳ ಗೋಡೆಗಳಲ್ಲಿ 'ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಿ' ಎಂಬ ಜಾಹೀರಾತು ಓದಿದ ಹೆಂಡತಿ, ಗಂಡನ ಸಾರಿಗೆ ಯಾವುದೋ ಪುಡಿ ಬೆರೆಸುತ್ತಾಳೆ. ಅವಳ ಸಂಕಟ ಅರ್ಥವಾಗುತ್ತದೆ. ಆದರೆ ಆ ಪುಡಿಯಲ್ಲಿ ಏನಿದೆಯೋ ಮಾರುವವನಿಗೇ ಗೊತ್ತು. ಅದು ಇಂಥ ಮದ್ದೇ ಆಗಿದ್ದು, ಅವನು ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಹೃದಯಕ್ಕೇ ಅಪಾಯ. 1990ರ ದಶಕದಲ್ಲಿ ನಾಲ್‌ಟ್ರೆಕ್ಸೋನ್ ಮೊದಲಾದ, ಕುಡಿಯುವ ಹಂಬಲವನ್ನೇ ತಗ್ಗಿಸುವ ಮಾತ್ರೆಗಳು ಬಂದವು. ಇವೂ ವೈದ್ಯರ ಚೀಟಿಯ ಮೇಲೆಯೇ ಸಿಗಬೇಕಾದವು.

ಔಷಧವಿದ್ದರೂ ಅದು ಸಿಗುವ ಜಾಗ ಮಲೆನಾಡಿಗೆ ದೂರವಿತ್ತು. 1845ರಷ್ಟು ಹಿಂದೆಯೇ ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ ಇತ್ತು, ಆದರೆ ಅಲ್ಲಿಗೆ ಹೋಗುವುದೆಂದರೆ 'ಹುಚ್ಚಾಸ್ಪತ್ರೆ'ಗೆ ಹೋದಂತೆ. ಬೆಂಗಳೂರಿನಲ್ಲಿ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ವ್ಯಸನಿಗಳಿಗೆಂದೇ ಅಲ್ಲಿ ಪ್ರತ್ಯೇಕ ವಿಭಾಗ ರೂಪುಗೊಂಡದ್ದು 1990ರ ದಶಕದಲ್ಲಿ. ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು ಮಣಿಪಾಲ, ಉಡುಪಿಗೆ ಹೋಗುತ್ತಿದ್ದರು. ಹೊಸನಗರದವರಿಗೆ ಹುಲಿಕಲ್ ಘಾಟಿ. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ವ್ಯಸನ ಚಿಕಿತ್ಸೆಗೆ ಹೆಸರಾಯಿತು. ಘಟ್ಟದ ಮೇಲೆ ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಮತ್ತು ಡಾ. ರಜನಿ ಪೈ ದಂಪತಿಯ ಮಾನಸ ಆಸ್ಪತ್ರೆ ಆಸರೆಯಾಯಿತು. 2016ರಲ್ಲಿ ನಿಧನರಾದ ಅಶೋಕ್ ಪೈಯವರು ವೈದ್ಯರಷ್ಟೇ ಅಲ್ಲ, ಕಥೆಗಾರರೂ ಹೌದು. ಸುರೇಶ್ ಹೆಬ್ಳೀಕರ್ ಅವರ 'ಕಾಡಿನ ಬೆಂಕಿ' ಅವರ ಕಥೆಯಿಂದ ಹುಟ್ಟಿದ ಚಿತ್ರ. ಮನಸ್ಸಿಗೂ ಜ್ವರ ಬರುತ್ತದೆ, ಅದಕ್ಕೂ ಡಾಕ್ಟರಿದ್ದಾರೆ ಎಂಬ ಮಾತನ್ನು ಈ ಜಿಲ್ಲೆಯ ಮಧ್ಯಮವರ್ಗದ ಮನೆಗಳಲ್ಲಿ ಸಲೀಸಾಗಿ ಆಡುವಂತೆ ಮಾಡಿದವರಲ್ಲಿ ಅವರು ಪ್ರಮುಖರು.

ತೀರ್ಥಹಳ್ಳಿಗೆ ಮನೋವೈದ್ಯಕೀಯದ ನಕ್ಷೆಯಲ್ಲಿ ಇನ್ನೊಂದು ಸ್ಥಾನವಿದೆ. 2005ರಿಂದ ನಿಮ್ಹಾನ್ಸ್‌ನ ವೈದ್ಯರು ಈ ತಾಲೂಕಿನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಆರೋಗ್ಯ ಕಾರ್ಯಕರ್ತೆಯರ ಮೂಲಕ ಮನೆ ಮನೆಯಿಂದ ಗುರುತಿಸಿ, ಊರಿನಲ್ಲೇ ಔಷಧ ಸಿಗುವಂತೆ ಮಾಡಿ, ವರ್ಷಗಟ್ಟಲೆ ಹಿಂಬಾಲಿಸಿದರು. ಆ ಅಧ್ಯಯನದ ಪ್ರಬಂಧಗಳು ಅಂತಾರಾಷ್ಟ್ರೀಯ ಪತ್ರಿಕೆಗಳಲ್ಲಿ ಬಂದವು. ಅದು ಕುಡಿತದ ಯೋಜನೆಯಲ್ಲ. ಆದರೆ ಕಾಡಿನ ನಡುವಿನ ಒಂಟಿ ಮನೆಗೂ ಚಿಕಿತ್ಸೆ ತಲುಪಬಹುದು, ರೋಗಿ ಬಾರದಿದ್ದರೆ ಅವನನ್ನು ಹುಡುಕಿಕೊಂಡು ಹೋಗಬೇಕು ಎಂಬುದನ್ನು ಈ ನೆಲದಲ್ಲೇ ತೋರಿಸಿಕೊಟ್ಟಿತು. 2007ರಲ್ಲಿ ಶಿವಮೊಗ್ಗಕ್ಕೆ ಸರಕಾರಿ ವೈದ್ಯಕೀಯ ಕಾಲೇಜು ಬಂದು ಮೆಗ್ಗಾನ್ ಆಸ್ಪತ್ರೆ ಬೋಧನಾ ಆಸ್ಪತ್ರೆಯಾಯಿತು. 2014ರಲ್ಲಿ ರಾಜ್ಯ ಸರಕಾರ ಮನೋಚೈತನ್ಯ ಕಾರ್ಯಕ್ರಮದ ಅಡಿಯಲ್ಲಿ ಮಂಗಳವಾರಗಳಂದು ಮನೋವೈದ್ಯರನ್ನು ತಾಲೂಕು ಆಸ್ಪತ್ರೆಗಳಿಗೆ ಕಳುಹಿಸತೊಡಗಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿತು. ಅಂದರೆ ಕುಡಿತದ ರೋಗಿಗೆ ಚಿಕಿತ್ಸೆ ಈಗ ಹಕ್ಕು, ಯಾರದೋ ಕೃಪೆಯಲ್ಲ.

ಹಕ್ಕು ಕಾಗದದ ಮೇಲಿದೆ. 2019ರಲ್ಲಿ ಪ್ರಕಟವಾದ, ದಿಲ್ಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಸುಮಾರು 5.7 ಕೋಟಿ ಜನರಿಗೆ ಅದರಿಂದಾಗಿ ನೆರವು ಬೇಕಾಗಿದೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಜೊತೆಗಿದ್ದವರು

ಅಮೆರಿಕಾ 1920ರಿಂದ 1933ರವರೆಗೆ ಇಡೀ ದೇಶಕ್ಕೆ ಮದ್ಯನಿಷೇಧ ಹೇರಿ ಸೋತು ಕೈಬಿಟ್ಟಿತು. ಎರಡೇ ವರ್ಷಗಳ ನಂತರ, 1935ರಲ್ಲಿ, ಒಹಾಯೋ ರಾಜ್ಯದ ಆ್ಯಕ್ರನ್ನಿನಲ್ಲಿ ಬಿಲ್ ವಿಲ್ಸನ್ ಎಂಬ ಶೇರು ವ್ಯವಹಾರದವನೂ ಬಾಬ್ ಸ್ಮಿತ್ ಎಂಬ ವೈದ್ಯನೂ, ಇಬ್ಬರೂ ಕುಡುಕರೇ, ಒಬ್ಬರೊಡನೊಬ್ಬರು ಮಾತನಾಡುತ್ತಾ ಕುಡಿಯದೆ ಉಳಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. ಅದಕ್ಕೆ ಚಂದಾ ಇಲ್ಲ, ಹಾಜರಿ ಪುಸ್ತಕ ಇಲ್ಲ, ಪೂರ್ಣ ಹೆಸರು ಹೇಳಬೇಕಿಲ್ಲ. ಕುಡಿದವನ ಮಾತನ್ನು ಕುಡಿದು ಬಿಟ್ಟವನಷ್ಟು ಚೆನ್ನಾಗಿ ಯಾರೂ ಕೇಳಲಾರರು ಎಂಬುದೇ ಅದರ ಬಂಡವಾಳ. 1957ರಲ್ಲಿ ಅದು ಭಾರತಕ್ಕೆ ಬಂತು, ಮುಂದೆ ಕನ್ನಡದಲ್ಲೂ ಸಭೆಗಳು ನಡೆದವು. ಆದರೆ ನಗರದ ಅನಾಮಧೇಯತೆ ಹಳ್ಳಿಗೆ ಒಗ್ಗುವುದಿಲ್ಲ. ಹೆಸರು ಹೇಳದಿದ್ದರೂ ಕೆಮ್ಮಿನಿಂದಲೇ ಇಂಥವನ ಮಗನೆಂದು ಗುರುತಿಸುವ ಊರುಗಳು ನಮ್ಮವು.

ಹಳ್ಳಿಗೆ ಹೊಂದುವ ದಾರಿಯನ್ನು ತಮಿಳುನಾಡಿನಲ್ಲಿ ಕಂಡುಕೊಂಡರು. ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈಯಲ್ಲಿ ಟಿ.ಟಿ. ರಂಗನಾಥನ್ ಸಂಶೋಧನಾ ಪ್ರತಿಷ್ಠಾನ ಸ್ಥಾಪಿಸಿದ್ದರು. 1989ರಲ್ಲಿ ಅವರ ತಂಡ ಕಾವೇರಿ ಬಯಲಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲೇ ಶಿಬಿರ ಹೂಡಿತು. ರೋಗಿಯನ್ನು ಊರಿನಿಂದ ಎತ್ತಿ ಒಯ್ಯುವ ಬದಲು ಊರನ್ನೇ ಚಿಕಿತ್ಸೆಗೆ ಸೇರಿಸಿಕೊಂಡರು. ಜಾಗ, ಅಕ್ಕಿ, ಅಡುಗೆ ಊರವರದ್ದು, ವೈದ್ಯರು ಹೊರಗಿನವರು.

ಕರ್ನಾಟಕದಲ್ಲಿ ಇದೇ ಬಗೆಯ ಶಿಬಿರವನ್ನು ವ್ಯಾಪಕವಾಗಿ ನಡೆಸಿದ್ದು ಧರ್ಮಸ್ಥಳ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಬೆಳ್ತಂಗಡಿಯ ಹಳ್ಳಿಗಳಲ್ಲಿ ಸಾಲ, ಬೀಜ, ಗೊಬ್ಬರ ಕೊಟ್ಟರೂ ಗಂಡಸಿನ ದುಡಿಮೆ ಸಂಜೆಗೆ ಕರಗುವುದನ್ನು ಕಂಡಿತು. 1990ರ ದಶಕದ ಆರಂಭದಲ್ಲಿ ಜನಜಾಗೃತಿ ವೇದಿಕೆ ಹುಟ್ಟಿ ಮದ್ಯವರ್ಜನ ಶಿಬಿರಗಳು ಶುರುವಾದವು. ಘಟ್ಟ ಹತ್ತಿ ಶಿವಮೊಗ್ಗ ಜಿಲ್ಲೆಗೂ ಬಂದವು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕುಗಳಲ್ಲಿ ಕಲ್ಯಾಣ ಮಂಟಪಗಳಲ್ಲೋ ಸಮುದಾಯ ಭವನಗಳಲ್ಲೋ ಇವು ನಡೆದಿವೆ. ರಾಜ್ಯದಲ್ಲಿ ಶಿಬಿರಗಳ ಸಂಖ್ಯೆ ಸಾವಿರವನ್ನು ಎಂದೋ ದಾಟಿದೆ.

ಎಂಟು ದಿನ ಶಿಬಿರವಾಸ. ವೈದ್ಯರ ತಪಾಸಣೆ, ನಡುಕಕ್ಕೆ ಔಷಧ, ವ್ಯಾಯಾಮ, ಭಜನೆ, ಆಪ್ತ ಸಮಾಲೋಚನೆ, ಹಿಂದೆ ಕುಡಿತ ಬಿಟ್ಟವರ ಅನುಭವದ ಮಾತು. ಮನೆಯವರೂ ಬಂದು ಕೂರುತ್ತಾರೆ. ಹೆಂಡತಿ ಮಕ್ಕಳ ಎದುರು ಗಂಡಸು ಅಳುವ ಆ ದಿನದ ಬಗ್ಗೆ ಪತ್ರಿಕೆಗಳು ಬಹಳ ಬರೆಯುತ್ತವೆ. ನನ್ನ ದೃಷ್ಟಿಯಲ್ಲಿ ಶಿಬಿರದ ಬೆಲೆ ಇರುವುದು ಆ ಕಣ್ಣೀರಿನಲ್ಲಲ್ಲ. ಮಲೆನಾಡಿನ ಗಂಡಸು ಮಾಲೆ ಹಾಕಿದಾಗಲೂ ಅತ್ತಿದ್ದಾನೆ, ಮಗಳ ಮದುವೆಯ ಹಿಂದಿನ ದಿನವೂ ಆಣೆ ಇಟ್ಟಿದ್ದಾನೆ. ಬೆಲೆ ಇರುವುದು ಒಂಬತ್ತನೆಯ ದಿನದಲ್ಲಿ. ಶಿಬಿರ ಮುಗಿಸಿದವರೆಲ್ಲ ಸೇರಿ 'ನವಜೀವನ ಸಮಿತಿ' ಕಟ್ಟಿಕೊಳ್ಳುತ್ತಾರೆ, ನಿಯಮಿತವಾಗಿ ಸಭೆ ಸೇರುತ್ತಾರೆ. ಯೋಜನೆಯ ಕಾರ್ಯಕರ್ತರು ಮನೆಗೆ ಬಂದು ವಿಚಾರಿಸುತ್ತಾರೆ. ನೂರು ದಿನ ತುಂಬಿದಾಗ 'ಶತದಿನೋತ್ಸವ' ಮಾಡುತ್ತಾರೆ. ಗಾಂಧಿ ಜಯಂತಿಯ ಹೊತ್ತಿಗೆ ಪಾನಮುಕ್ತರ ಸಮಾವೇಶ ನಡೆದು, ನಿನ್ನೆಯ ಕುಡುಕನಿಗೆ ಇಂದು ಸನ್ಮಾನದ ಶಾಲು ಬೀಳುತ್ತದೆ. 41 ದಿನ 'ಸ್ವಾಮಿ' ಎನಿಸಿಕೊಂಡವನಿಗೆ ಮುಂದೆಯೂ ಬಹುವಚನ ಉಳಿಯುವಂತೆ ಮಾಡಿದ ಏರ್ಪಾಡು ಇದು.

ಮಿತಿಗಳಿಲ್ಲವೆಂದಲ್ಲ. ಯಕೃತ್ತು ಕೆಟ್ಟವರನ್ನು, ಹಿಂದೆ ಫಿಟ್ಸ್ ಬಂದವರನ್ನು, ಖಿನ್ನತೆಯಿಂದ ಸಾಯುವ ಮಾತಾಡುವವರನ್ನು ಕಲ್ಯಾಣ ಮಂಟಪದಲ್ಲಿ ಇಟ್ಟುಕೊಳ್ಳುವಂತಿಲ್ಲ, ಅವರಿಗೆ ಆಸ್ಪತ್ರೆಯೇ ಬೇಕು. ಬಿಟ್ಟವರಲ್ಲಿ ಹಲವರು ಮತ್ತೆ ಕುಡಿಯುತ್ತಾರೆ. ಅದು ಶಿಬಿರದ ಸೋಲಲ್ಲ, ಕಾಯಿಲೆಯ ಗುಣ. ಸಕ್ಕರೆ ಕಾಯಿಲೆ ಏರಿಳಿದರೆ ಡಾಕ್ಟರನ್ನು ಬೈಯುವುದಿಲ್ಲವಲ್ಲ. ಇನ್ನು ಕುಡಿಯುವ ಹೆಂಗಸರು. ತೋಟದ ಕೂಲಿಯವರಲ್ಲಿ ಅಂಥವರಿದ್ದಾರೆ, ಆದರೆ ಅವರಿಗೆ ಎಂಟು ದಿನ ಮನೆ ಬಿಟ್ಟು ಬರಲು ಯಾರೂ ಹೇಳುವುದಿಲ್ಲ.

ನಮ್ಮ ಮನೆಯ ಮಾತು

ಈಗ ಈ ಪತ್ರಿಕೆಯ ಓದುಗರು ನಿರೀಕ್ಷಿಸಿರಬಹುದಾದ, ಆದರೆ ನಾವು ತಪ್ಪಿಸಿಕೊಳ್ಳುವ ಪ್ರಶ್ನೆ. ಮುಸ್ಲಿಮರಲ್ಲಿ ಕುಡಿಯುವವರ ಪ್ರಮಾಣ ಇತರರಿಗಿಂತ ಕಡಿಮೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳೇ ಹೇಳುತ್ತವೆ. ಅದು ಧರ್ಮದ ದೊಡ್ಡ ಉಪಕಾರ. ಆದರೆ ಕಡಿಮೆಯಿರುವುದು ಬೇರೆ, ಇಲ್ಲದಿರುವುದು ಬೇರೆ. ಮದ್ಯ ಹರಾಮ್ ಆಗಿರುವುದರಿಂದ ನಮ್ಮಲ್ಲಿ ಕುಡುಕರಿಲ್ಲ ಎಂದು ವೇದಿಕೆಯಲ್ಲಿ ಹೇಳುತ್ತೇವೆ, ಇರುವವನನ್ನು ಅಡಗಿಸುತ್ತೇವೆ. ಹತ್ತು ಕುಡುಕರಿರುವ ಕೇರಿಯಲ್ಲಿ ಕುಡುಕನ ಹೆಂಡತಿಗೆ ಕಷ್ಟ ಹೇಳಿಕೊಳ್ಳಲು ಇನ್ನೊಬ್ಬ ಕುಡುಕನ ಹೆಂಡತಿಯಾದರೂ ಸಿಗುತ್ತಾಳೆ. ನಮ್ಮ ಮೊಹಲ್ಲಾದಲ್ಲಿ ಅವಳಿಗೆ ಯಾರೂ ಸಿಗುವುದಿಲ್ಲ. ಶಿಬಿರಕ್ಕೆ ಕಳುಹಿಸೋಣವೆಂದರೆ ಅಲ್ಲಿ ಭಜನೆಯಿದೆ ಎಂಬ ಹಿಂಜರಿಕೆ. ಶಿಬಿರಗಳು ಎಲ್ಲ ಮತದವರಿಗೂ ತೆರೆದಿವೆ, ಪ್ರಾಣಕ್ಕೆ ಬಂದಾಗ ಅಲ್ಲಿಗೆ ಹೋಗಲು ಅಡ್ಡಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಹಿಂಜರಿಯುವವರಿದ್ದರೆ ಅವರಿಗಾಗಿ ನಾವು ಏನು ಕಟ್ಟಿದ್ದೇವೆ? ಜಮಾಅತಿನ ಸಭೆಯಲ್ಲಿ ದಂಡ, ಬಹಿಷ್ಕಾರದ ಮಾತು ಬರುತ್ತದೆ. ಒಂದು ಹಾಸಿಗೆಯ ಮಾತು, ಒಬ್ಬ ಸಮಾಲೋಚಕನ ಮಾತು ಬರುವುದಿಲ್ಲ.

ಇದು ಇಸ್ಲಾಮಿನ ರೀತಿಯೇ ಎಂದು ಮೂಲಕ್ಕೆ ಹೋಗಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಕುರ್‌ಆನ್ ಮದ್ಯವನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಲಾಭಕ್ಕಿಂತ ಪಾಪ ದೊಡ್ಡದು ಎಂದು ಅಲ್‌ಬಕರದಲ್ಲಿ (2:219) ತಿಳಿಸಿ, ಅಮಲಿನಲ್ಲಿ ನಮಾಝಿನ ಹತ್ತಿರ ಬರಬೇಡಿ ಎಂದು ಅನ್ನಿಸಾದಲ್ಲಿ (4:43) ಕುಡಿಯುವ ಹೊತ್ತನ್ನು ಕಿರಿದು ಮಾಡಿ, ಕೊನೆಗೆ ಅಲ್‌ಮಾಇದಾದಲ್ಲಿ (5:90-91) ಪೂರ್ಣ ನಿಷೇಧ ಬಂತು. ಮೊದಲ ದಿನವೇ ಕುಡಿಯಬೇಡಿ ಎಂದಿದ್ದರೆ ಜನ ಎಂದಿಗೂ ಬಿಡುವುದಿಲ್ಲ ಎನ್ನುತ್ತಿದ್ದರು ಎಂಬ ಅರ್ಥದ ಮಾತು ಆಯಿಶಾ(ರ) ಅವರಿಂದ ಬುಖಾರಿಯಲ್ಲಿ ವರದಿಯಾಗಿದೆ. ದಿನಕ್ಕೆ ಐದು ನಮಾಝ್ ಇರುವಾಗ ಅಮಲಿಳಿದಿರಬೇಕೆಂದರೆ ಕುಡಿಯಲು ಉಳಿಯುವ ಹೊತ್ತೆಷ್ಟು? ಇಂದಿನ ಚಿಕಿತ್ಸಕರು ಮಾಡುವುದೂ ಬಹುಮಟ್ಟಿಗೆ ಇಂಥದ್ದೇ ಲೆಕ್ಕಾಚಾರ.

ನಿಷೇಧ ಬಂದ ನಂತರವೂ ಕುಡಿದವರಿದ್ದರು. ಬುಖಾರಿಯಲ್ಲಿ ಅಬ್ದುಲ್ಲಾ ಎಂಬವರ ಪ್ರಸಂಗವಿದೆ. ಜನ ಅವರನ್ನು 'ಹಿಮಾರ್', ಅಂದರೆ ಕತ್ತೆ, ಎಂದು ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಪ್ರವಾದಿ(ಸ)ಯವರನ್ನು ನಗಿಸುತ್ತಿದ್ದ ಮನುಷ್ಯ. ಕುಡಿದದ್ದಕ್ಕೆ ಶಿಕ್ಷೆಯಾಗಿತ್ತು, ಮತ್ತೆ ಸಿಕ್ಕಿಬಿದ್ದರು. ಎಷ್ಟು ಸಲ ಹೀಗೆ ತರುವುದು ಎಂದು ಒಬ್ಬರು ಶಪಿಸಿದಾಗ ಪ್ರವಾದಿ(ಸ) ತಡೆದರು. ಅವನನ್ನು ಶಪಿಸಬೇಡಿ, ಅವನು ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುತ್ತಾನೆ ಎಂದರು. ಶಿಕ್ಷೆ ರದ್ದಾಗಲಿಲ್ಲ, ಆದರೆ ಮನುಷ್ಯ ಸಮುದಾಯದಿಂದ ಹೊರಗೆ ಬೀಳಲೂ ಇಲ್ಲ. ಪದೇ ಪದೇ ಜಾರುವವನನ್ನು ಪದೇ ಪದೇ ತಮ್ಮವನೆಂದು ಕರೆದರು.

ಖಲೀಫಾ ಉಮರ್(ರ) ಅವರ ಬಗ್ಗೆ ಇಬ್ನ್ ಕಸೀರ್ ತಮ್ಮ ತಫ್ಸೀರಿನಲ್ಲಿ ಕೊಡುವ ಪ್ರಸಂಗ ನಮಗೆ ಇನ್ನೂ ಹತ್ತಿರದ್ದು. ಶಾಮ್ ದೇಶದ ಒಬ್ಬ ಪರಿಚಿತ ಬಹಳ ದಿನದಿಂದ ಕಾಣದಿದ್ದುದರಿಂದ ಉಮರ್ ವಿಚಾರಿಸಿದರು. ಅವನು ಕುಡಿತಕ್ಕೆ ಬಿದ್ದಿದ್ದಾನೆ ಎಂದು ತಿಳಿಯಿತು. ಖಲೀಫರು ಅಲ್ಲಾಹನ ಕ್ಷಮೆಯನ್ನು ನೆನಪಿಸುವ ಸೂರಃ ಗಾಫಿರ್‌ನ ಆರಂಭದ ವಚನಗಳನ್ನು ಬರೆಸಿ ಪತ್ರ ಕಳುಹಿಸಿದರು, ಅವನಿಗಾಗಿ ಪ್ರಾರ್ಥಿಸುವಂತೆ ಸುತ್ತಲಿದ್ದವರಿಗೆ ಹೇಳಿದರು. ಆತ ಪತ್ರವನ್ನು ಮತ್ತೆ ಮತ್ತೆ ಓದಿ, ಅತ್ತು, ಕುಡಿತ ಬಿಟ್ಟ. ಸುದ್ದಿ ತಿಳಿದಾಗ ಉಮರ್, ನಿಮ್ಮ ಸಹೋದರ ಜಾರಿದ್ದನ್ನು ಕಂಡರೆ ಹೀಗೆ ಮಾಡಿ, ಅವನ ವಿರುದ್ಧ ಸೈತಾನನಿಗೆ ನೆರವಾಗಬೇಡಿ ಎಂದರು. ಚಾಟಿಗೆ ಹೆಸರಾದ ಉಮರ್ ಅವರೇ ಪತ್ರ ಬರೆದರೆಂಬುದನ್ನು ನಮ್ಮ ಖುತ್ಬಾಗಳಲ್ಲಿ ಅಪರೂಪಕ್ಕೆ ಕೇಳುತ್ತೇವೆ.

ಆಧುನಿಕ ಕಾಲದಲ್ಲೂ ಮಾದರಿಗಳಿಲ್ಲದಿಲ್ಲ. 1920ರಲ್ಲಿ ಇಸ್ತಾಂಬುಲ್‌ನಲ್ಲಿ ಮಝ್ಹರ್ ಉಸ್ಮಾನ್ ಎಂಬ ಮನೋವೈದ್ಯರ ಮುಂದಾಳತ್ವದಲ್ಲಿ ಹುಟ್ಟಿದ 'ಹಸಿರು ಚಂದ್ರ' ಎಂಬ ಸಂಸ್ಥೆ ಇಂದಿಗೂ ಟರ್ಕಿಯಲ್ಲಿ ವ್ಯಸನಿಗಳಿಗೆ ಸಮಾಲೋಚನೆ ನಡೆಸುತ್ತಿದೆ. ಅದನ್ನು ಕಟ್ಟಿದವನೊಬ್ಬ ವೈದ್ಯನೆಂಬುದು ಗಮನಾರ್ಹ.

ನಮ್ಮ ಮೂರು ತಾಲೂಕುಗಳಲ್ಲಿ ದೊಡ್ಡದೇನೂ ಕಟ್ಟಬೇಕಾಗಿಲ್ಲ. ಔಷಧದ ಕೆಲಸಕ್ಕೆ ತಾಲೂಕು ಆಸ್ಪತ್ರೆಯೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಇವೆ. ದಾರಿ ಕಾಣದ ರಾತ್ರಿ 14416 ಸಂಖ್ಯೆಗೆ ಕರೆ ಮಾಡಿದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ, ಖರ್ಚಿಲ್ಲ. ಇಲ್ಲದಿರುವುದು ಆ ಮೇಲಿನ ಸಂಜೆಗಳಿಗೆ ಒಂದು ಜಾಗ. ಮದ್ರಸಗಳ ಕೋಣೆಗಳು ಇಶಾ ನಮಾಝಿನ ನಂತರ ಖಾಲಿಯಿರುತ್ತವೆ. ವಾರಕ್ಕೊಂದು ದಿನ ಅದರ ಬೀಗ ತೆಗೆದು, ಕುಡಿತ ಬಿಟ್ಟು ವರ್ಷವಾದ ಒಬ್ಬನನ್ನು ಅಲ್ಲಿ ಕೂರಿಸಿದರೆ ಆರಂಭವಾಯಿತು. ಅವನು ನಮ್ಮವನೇ ಆಗಬೇಕೆಂದೂ ಇಲ್ಲ, ನವಜೀವನ ಸಮಿತಿಯ ಯಾರನ್ನಾದರೂ ಕರೆಯಬಹುದು. ಚಹಾದ ವ್ಯವಸ್ಥೆ ಜಮಾಅತ್ ಮಾಡಲಿ. ಬಂದವರ ಹೆಸರು ಬರೆದಿಡುವ ಪುಸ್ತಕವನ್ನು ಮಾತ್ರ ಆ ಕೋಣೆಗೆ ತರುವುದು ಬೇಡ.